ಮನೆ–ಹಿತ್ತಲು: ಎರಿ ಭೂಮಿಯಲ್ಲಿ ಶೆಡ್ಡಿನ ಪಾಯ

ಅಕ್ಕಲಕೋಟೆ, ಜತ್ತ, ಸೊಲ್ಲಾಪುರ ಕಡೆಯ ನಮ್ಮ ವಾಚಕರಲ್ಲಿ ಅನೇಕರ ಮನೆಯ ಹಿಂದೆ ಒಂದಿಷ್ಟು ಹಿತ್ತಲು ಇರುತ್ತದೆ. ಪೂಜೆಗೆ ನಾಲ್ಕು ಹೂಗಿಡ, ಒಂದು ಬೇವಿನ ಮರ, ಒಂದೆರಡು ಆಕಳು. ಗುದ್ದಲಿ, ಸಲಿಕೆ, ನೀರಿನ ಪೈಪು, ಅಂಗಡಿಯ ಖಾಲಿ ಚೀಲ, ಆಕಳ ಹಿಂಡಿ ಇವನ್ನೆಲ್ಲ ಇಡಲು ಅಲ್ಲೊಂದು ತಗಡಿನ ಶೆಡ್ಡು ಬೇಕೆಂದು ಮನೆಯವರು ಕೇಳುತ್ತಲೇ ಇರುತ್ತಾರೆ. ಶೆಡ್ಡು ನಿಲ್ಲಿಸುವುದು ಎರಡು ದಿನದ ಕೆಲಸ. ಅದರ ಕೆಳಗಿನ ಪಾಯದ ವಿಷಯದಲ್ಲಿ ನಾವು ಕೆಟ್ಟು ಬುದ್ಧಿ ಕಲಿತದ್ದನ್ನು ಈ ಸಲ ಬರೆಯುತ್ತಿದ್ದೇವೆ.

2019ರ ಮೇ ತಿಂಗಳಲ್ಲಿ ನಮ್ಮ ಹಿತ್ತಲಲ್ಲಿ 10 ಅಡಿ ಉದ್ದ, 8 ಅಡಿ ಅಗಲದ ಶೆಡ್ಡು ಹಾಕಿಸಿದೆವು. ಎರಿ ಭೂಮಿ ಆಗ ಕೈ ಹೋಗುವಷ್ಟು ಬಿರುಕು ಬಿಟ್ಟಿತ್ತು. ಬಿರುಕಿಗೆ ಅದೇ ಮಣ್ಣು ತುಂಬಿ, ಸಪಾಟು ಮಾಡಿ, ಮೇಲೆ 4 ಇಂಚು ಕಾಂಕ್ರೀಟು ಹಾಕಿಸಿದೆವು. ತಗಡಿನ ಶೆಡ್ಡಿಗೆ ಭಾರವೇನಿದೆ, ಇಷ್ಟು ಸಾಕು ಎಂದರು ಗವಂಡಿ. ನಮಗೂ ಹಾಗೇ ಅನ್ನಿಸಿತು. ಖರ್ಚು ಉಳಿಯಿತೆಂದು ಸಂತೋಷವೂ ಆಯಿತು.

ನಮ್ಮ ಕಡೆ ಮಳೆಯ ಜೋರು ಸೆಪ್ಟೆಂಬರಿನಲ್ಲಿ. ಆ ತಿಂಗಳು ಮೊದಲು ಬಾಗಿಲು ಬಿಗಿಯಾಯಿತು. ಅಂಚುಗಳು ಮೇಲೆದ್ದು ನೆಲ ತಾಟಿನಂತಾಯಿತು, ನಡುವೆ ಬಿರುಕು ಬಿತ್ತು, ಬಿರುಕಿನಿಂದ ತೇವ ಏರಿತು. ಕೊನೆಗೆ ಬಾಗಿಲು ಮುರಿದು ಒಳಗೆ ಹೋದಾಗ ನಾಲ್ಕು ಚೀಲ ಶೇಂಗಾ ಹಿಂಡಿಗೆ ಬೂಷ್ಟು ಹಿಡಿದಿತ್ತು. ಬೂಷ್ಟು ಹಿಡಿದ ಶೇಂಗಾ ಹಿಂಡಿ ದನಕ್ಕೆ ವಿಷ. ಹುಗಿಯದೆ ಗತಿಯಿರಲಿಲ್ಲ. ಚೀಲ ಎತ್ತಿದರೆ ಕೆಳಗೆಲ್ಲ ಹುಳು. ಇಷ್ಟು ಜೀವ ನಮ್ಮ ಉದಾಸೀನದಿಂದಲೇ ಹುಟ್ಟಿ ನಮ್ಮ ಕೈಯಿಂದಲೇ ಸಾಯಬೇಕಾಯಿತಲ್ಲ ಎಂದು ನಮ್ಮ ತಾಯಿಯವರು ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಹಿಂಡಿಯ ಹಣಕ್ಕಿಂತ ಅದು ನಮಗೆ ಹೆಚ್ಚು ಚುಚ್ಚಿತು.

ಭಾರವಿಲ್ಲವೆಂದು ನಿಶ್ಚಿಂತರಾದದ್ದೇ ತಪ್ಪು. ಬೇರೆ ಮಣ್ಣಿನಲ್ಲಿ ಪಾಯವು ಮೇಲಿನ ಭಾರ ಹೊರಲು ಬೇಕು. ಎರಿಯಲ್ಲಿ ನೆಲವೇ ಮೇಲಕ್ಕೆ ಎತ್ತುತ್ತದೆ. ಈ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಕಣಗಳು ನೀರು ಕುಡಿದು ಉಬ್ಬುತ್ತವೆ, ಬೇಸಿಗೆಯಲ್ಲಿ ಕುಗ್ಗಿ ಸೀಳುತ್ತವೆ. ಎರಡು ಮಾಳಿಗೆಯ ಮನೆ ತನ್ನ ತೂಕದಿಂದ ಆ ಒತ್ತಡವನ್ನು ಸ್ವಲ್ಪವಾದರೂ ತಡೆದೀತು. ಹಗುರ ಶೆಡ್ಡು ಹೇಗೆ ತಡೆಯಬೇಕು? ಮಳೆಗಾಲದ ನೀರು ಮೊದಲು ಅಂಚಿಗೆ ತಗಲುವುದರಿಂದ ಅಂಚು ಏಳುತ್ತದೆ. ಕಾಂಕ್ರೀಟಿನ ಕೆಳಗೆ ಸೇರಿದ ತೇವ ಆರಲಾರದೆ ಕೆಲ ವರ್ಷಗಳಲ್ಲಿ ನಡುಭಾಗವೂ ಉಬ್ಬುತ್ತದೆ.

ಇದಕ್ಕೆ ಮದ್ದು ನಮ್ಮ ಕಡೆಯೇ ಸಿಗುವ ಮುರುಮ. ಮುಂಬಯಿ ಐ.ಐ.ಟಿ.ಯ ಪ್ರಾಧ್ಯಾಪಕರಾಗಿದ್ದ ಆರ್. ಕೆ. ಕಟ್ಟಿಯವರು 1970ರ ದಶಕದಲ್ಲಿ ಎರಿಮಣ್ಣಿನ ಮೇಲೆ ಪ್ರಯೋಗ ನಡೆಸಿ, ಉಬ್ಬದ ಆದರೆ ಅಂಟಿ ನಿಲ್ಲುವ ಮಣ್ಣನ್ನು ಸುಮಾರು ಒಂದು ಮೀಟರು ದಪ್ಪ ಬಡಿದು ಕೂಡಿಸಿದರೆ ಕೆಳಗಿನ ಉಬ್ಬು ಮೇಲೆ ಬರುವುದಿಲ್ಲವೆಂದು ತೋರಿಸಿದರು. ಕಾಲುವೆ ಕೆಲಸಗಳಿಗೆ ಬಂದ ಆ ಲೆಕ್ಕವೇ ಹಿತ್ತಲಿಗೂ ಸಾಕು. ಕೆಲವರು ಉಸುಕು ತುಂಬುತ್ತಾರೆ. ನಮಗೆ ಅದು ಸರಿಕಾಣದು. ಉಸುಕಿನಲ್ಲಿ ನೀರು ಇಳಿದು ಕೆಳಗಿನ ಎರಿಗೇ ಸೇರುತ್ತದೆ.

2021ರಲ್ಲಿ ದೀಪಾವಳಿ ಕಳೆದ ಮೇಲೆ ಹಳೆಯದನ್ನು ಕಿತ್ತು ಹೊಸದಾಗಿ ಆರಂಭಿಸಿದೆವು. ಚಾತುರ್ಮಾಸದಲ್ಲಿ ನೆಲ ಅಗೆಯಬಾರದೆಂಬ ನಮ್ಮ ಮನೆಯ ನಡಾವಳಿ ಇಲ್ಲಿ ಕೆಲಸಕ್ಕೂ ಅನುಕೂಲವಾಯಿತು. ಆ ಹೊತ್ತಿಗೆ ಎರಿ ಕೆಸರೂ ಆಗಿರುವುದಿಲ್ಲ, ಒಣಗಿ ಬಿರಿದೂ ಇರುವುದಿಲ್ಲ. ಶೆಡ್ಡಿನ ಅಳತೆಗಿಂತ ಸುತ್ತಲೂ 2 ಅಡಿ ಹೆಚ್ಚು ಹಿಡಿದು, ಎರಡೂವರೆ ಅಡಿ ಆಳ ಅಗೆಸಿದೆವು. ಮೂಲೆಗಳು ಸರಿಯಿವೆಯೇ ಎಂದು ನೋಡಲು ಎರಡೂ ಕರ್ಣಗಳಿಗೆ ಹುರಿ ಹಿಡಿಯಿರಿ; ಎರಡೂ ಒಂದೇ ಉದ್ದ ಬರಬೇಕು.

ಮುರುಮದ ಮೊದಲ ಟ್ರ್ಯಾಕ್ಟರು ಬಂದಾಗ ಬಣ್ಣ ನೋಡಿ ಸಂಶಯ ಬಂತು. ಭಾರತೀಯ ಮಾನಕದಲ್ಲಿ 1977ರಿಂದಲೂ ಒಂದು ಸರಳ ಪರೀಕ್ಷೆ ಇದೆ. ಒಣ ಮಣ್ಣನ್ನು ಪುಡಿಮಾಡಿ ತೆಳು ಜರಡಿ ಹಿಡಿದು, ಗುರುತು ಇರುವ ಎರಡು ಗಾಜಿನ ನಳಿಗೆಗಳಲ್ಲಿ 10 ಗ್ರಾಮಿನಂತೆ ಹಾಕಿ, ಒಂದಕ್ಕೆ 100 ಮಿ.ಲೀ. ನೀರು, ಇನ್ನೊಂದಕ್ಕೆ ಅಷ್ಟೇ ಸೀಮೆಎಣ್ಣೆ ಸುರಿದು ಕಲಕಿ 24 ಗಂಟೆ ಬಿಡಬೇಕು. ಸೀಮೆಎಣ್ಣೆಯಲ್ಲಿ ಜೇಡಿ ಉಬ್ಬದು. ನೀರಿನಲ್ಲಿ ಕೂತ ಮಣ್ಣಿನ ಮಟ್ಟ ಅದರ ಒಂದೂವರೆ ಪಟ್ಟಿಗೆ ಸಮೀಪಿಸಿದರೂ ಆ ಮಣ್ಣು ಪಾಯಕ್ಕೆ ಬೇಡ. ನಮ್ಮ ಮೊದಲ ಗಾಡಿ ಹೀಗೇ ಸೋತಿತು, ಎರಿ ಬೆರೆಸಿದ್ದರು. ಮರಳಿ ಕಳಿಸಿದೆವು. ಕಾಳು ಕಡಿ ಕೊಳ್ಳುವಾಗ ಮುಷ್ಟಿ ತೆಗೆದು ನೋಡುವ ನಾವು ಮಣ್ಣನ್ನು ಮಾತ್ರ ಕಣ್ಣುಮುಚ್ಚಿ ಕೊಳ್ಳುತ್ತೇವೆ, ನೋಡಿ!

ಒಳ್ಳೆಯ ಮುರುಮವನ್ನು 6 ಇಂಚಿನ ಥರ ಹಾಕಿ, ನೀರು ಚಿಮುಕಿಸಿ, ಅದು ನಾಲ್ಕೂವರೆ ಇಂಚಿಗೆ ಇಳಿಯುವ ತನಕ ದಿಮ್ಮಸಿನಿಂದ ಬಡಿಸಿ ಮುಂದಿನ ಥರ ಹಾಕಿಸಿದೆವು. ಒಂದೇ ಸಲ ಎರಡು ಅಡಿ ಸುರಿದು ಮೇಲೆ ಬಡಿದರೆ ಕೆಳಗೆ ಸಡಿಲ ಉಳಿಯುತ್ತದೆ. ಗವಂಡಿಗಳ ಅವಸರ ಇಲ್ಲೇ ಹೆಚ್ಚು, ಎದುರಿಗೆ ನಿಂತು ಮಾಡಿಸಬೇಕು. ನೆಲಮಟ್ಟಕ್ಕಿಂತ 1 ಅಡಿ ಎತ್ತರಕ್ಕೆ ತಂದು, ಮೇಲೆ ಕಾಂಕ್ರೀಟಿನ ಬದಲು ಶಹಾಬಾದಿ ಫರಸಿ ಹಾಸಿದೆವು. ಫರಸಿ ಕುಸಿದರೆ ಎತ್ತಿ ಸರಿಪಡಿಸಬಹುದು. ಕಾಂಕ್ರೀಟು ಒಡೆದರೆ ಒಡೆದಂತೆಯೇ. ಶೆಡ್ಡಿನ ನಾಲ್ಕೂ ಕಾಲನ್ನು ಕೆಳಗೆ ಒಂದೇ ಕಬ್ಬಿಣದ ಚೌಕಟ್ಟಿಗೆ ಬಿಗಿದು, ಚೌಕಟ್ಟನ್ನು ಮುರುಮದೊಳಗೆ ಹೂತ ಕಾಂಕ್ರೀಟು ಗಡ್ಡೆಗಳಿಗೆ ಬೋಲ್ಟು ಹಾಕಿಸಿದೆವು, ಏಪ್ರಿಲ್ ಗಾಳಿಗೆ ಹಾರದಂತೆ.

ಇನ್ನು ನೀರು. ಸುತ್ತಲೂ 3 ಅಡಿ ಅಗಲದ ಫರಸಿಯನ್ನು ಹೊರಕ್ಕೆ 2 ಇಂಚು ಇಳಿಜಾರಾಗಿ ಹಾಸಬೇಕು. ಮೇಲಿನ ತಗಡಿನ ನೀರಿಗೆ ಪನ್ನಳಿಕೆ ಕೊಟ್ಟು ದೂರ ಬಿಡಬೇಕು. ಹತ್ತಿರದಲ್ಲಿದ್ದ ನಳವನ್ನು ನಾವು ಬೇರೆ ಕಡೆಗೆ ಸರಿಸಿದೆವು. ಬೇವಿನ ಬೇರು ಬೇಸಿಗೆಯಲ್ಲಿ ತೇವ ಹೀರಿ ನೆಲ ಕುಗ್ಗಿಸುತ್ತದೆ. ಮರ ಎಷ್ಟು ಎತ್ತರವೋ ಅಷ್ಟು ದೂರ ಶೆಡ್ಡು ಇದ್ದರೆ ಒಳ್ಳೆಯದು.

ನಾಲ್ಕು ಅಡಿ, ಆರು ಅಡಿಯ ಪೆಟ್ಟಿಗೆಯಂಥ ಶೆಡ್ಡಾದರೆ ಇಷ್ಟು ಖಟಪಟಿ ಬೇಡ. ದಪ್ಪ ಕಲ್ಲುಗಳ ಮೇಲೆ ಚೌಕಟ್ಟು ಕೂಡಿಸಿ, ವರ್ಷಕ್ಕೊಮ್ಮೆ ಕಲ್ಲಿನ ಚಕ್ಕೆ ಕೊಟ್ಟು ಮಟ್ಟ ಮಾಡಿದರಾಯಿತು. ಕಾಸರಗೋಡು, ವಯನಾಡಿನ ವಾಚಕರಿಗೆ ಈ ಉಬ್ಬುವ ತೊಂದರೆ ಇಲ್ಲ. ಅಲ್ಲಿ ಮುರಕಲ್ಲಿನ ಕಟ್ಟೆ ಗಟ್ಟಿಯಾಗಿಯೇ ನಿಲ್ಲುತ್ತದೆ; ಇಳಿಜಾರಿನ ಮೇಲ್ಭಾಗದಲ್ಲಿ ಕಾಲುವೆ ತೆಗೆದು ಹರಿಯುವ ನೀರನ್ನು ಬೇರೆಡೆ ತಿರುಗಿಸುವುದೇ ಮುಖ್ಯ.

ನಮ್ಮ ಶೆಡ್ಡು 2022ರಿಂದ ಮೂರು ಮಳೆಗಾಲ ಕಂಡಿತು. ಬಾಗಿಲು ಬೆರಳಿನಿಂದ ತಳ್ಳಿದರೆ ತೆರೆಯುತ್ತದೆ. ಮೂಲೆಯ ಒಂದು ಫರಸಿ ಮಾತ್ರ ಅರ್ಧ ಇಂಚು ಕೆಳಗಿಳಿದಿತ್ತು; ಎತ್ತಿ, ಒಂದು ಬುಟ್ಟಿ ಮುರುಮ ಹಾಕಿ, ಮತ್ತೆ ಕೂಡಿಸಿದೆವು. ಹಿಂಡಿಯ ಚೀಲಗಳನ್ನು ತಾಯಿಯವರು ಈಗಲೂ ತಿಂಗಳಿಗೊಮ್ಮೆ ಎತ್ತಿಸಿ ಕೆಳಗೆ ನೋಡುತ್ತಾರೆ.