ಹೆಸರೆಷ್ಟು, ಜನರೆಷ್ಟು?

ಅಂತರ್ಜಾಲದ ಸಮುದಾಯಗಳ ಕುರಿತ ಪ್ರಬಂಧಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಕಾಣಿಸುತ್ತದೆ: ‘ಈ ಆಟದಲ್ಲಿ ಇಷ್ಟು ಸಾವಿರ ಜನರಿದ್ದರು.’ ಸಂಶೋಧನಾ ವಿದ್ಯಾರ್ಥಿಯಾಗಿ ನನ್ನ ತಕರಾರು ಆ ‘ಜನ’ ಎಂಬ ಪದದ ಮೇಲೆ. ಅಲ್ಲಿ ಎಣಿಸಿರುವುದು ಜನರನ್ನಲ್ಲ, ಐಡಿಗಳನ್ನು.

ಚಿತ್ರವಿಲ್ಲದೆ ಬರೀ ಅಕ್ಷರದಲ್ಲೇ ಹಲವರು ಕೂಡಿ ಆಡುವ ಆಟಗಳಿಗೆ ‘ಮಡ್’ ಎಂದು ಹೆಸರು. ಇಂಥ ಮೊದಲ ಆಟವನ್ನು 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಶುರುಮಾಡಿದರು, ರಿಚರ್ಡ್ ಬಾರ್ಟಲ್ ಬೆಳೆಸಿದರು. ಸಾಮಾನ್ಯವಾಗಿ ಮಡ್‌ಗಳಲ್ಲಿ ‘ಹೂ’ ಎಂದು ಟೈಪ್ ಮಾಡಿದರೆ ಆ ಹೊತ್ತಿಗೆ ಒಳಗಿರುವವರ ಪಟ್ಟಿ ಬರುತ್ತದೆ. ಗಂಟೆಗಟ್ಟಲೆ ಕೀಬೋರ್ಡ್ ಮುಟ್ಟದವರೂ ಅದರಲ್ಲಿರಬಹುದು; ಅದೃಶ್ಯರಾಗಿ ಓಡಾಡುವ ನಿರ್ವಾಹಕರು ಇಲ್ಲದಿರಬಹುದು.

ಇದಕ್ಕಿಂತ ದೊಡ್ಡ ತೊಡಕು ಲ್ಯಾಂಬ್ಡಾಮೂ ಎಂಬ ಅಕ್ಷರಲೋಕದಲ್ಲಿ ಬಯಲಾಯಿತು. ಅಲ್ಲಿ ‘ಮಿಸ್ಟರ್ ಬಂಗಲ್’ ಎಂಬ ಪಾತ್ರ ಇತರರ ಮೇಲೆ ಮಾತಿನಲ್ಲೇ ಲೈಂಗಿಕ ಹಿಂಸೆ ನಡೆಸಿದ್ದನ್ನು ಜೂಲಿಯನ್ ಡಿಬೆಲ್ 1993ರಲ್ಲಿ ಬರೆದರು. ಆ ಐಡಿಯನ್ನು ಅಳಿಸಿದರೂ ಅದರ ಹಿಂದಿನ ವ್ಯಕ್ತಿ ‘ಡಾಕ್ಟರ್ ಜೆಸ್ಟ್’ ಆಗಿ ಮರಳಿದ. ಬಂಗಲ್ ಹಿಂದೆ ಹಾಸ್ಟೆಲಿನ ಹುಡುಗರ ಗುಂಪೇ ಇತ್ತೆಂದು ಡಿಬೆಲ್ ನಂತರ ತಿಳಿಸಿದರು. ಈಗ ಲೆಕ್ಕ ಹಾಕಿ: ಐಡಿ ಎರಡು, ಜನರೆಷ್ಟು?

ಅಂದಾಜಿಗೆ ಕೆರೆಯ ಮೀನು ಎಣಿಸುವ ವಿಧಾನವನ್ನು ಕೆಲವರು ಮುಂದಿಡುತ್ತಾರೆ. ಮೊದಲ ದಿನದ ಪಟ್ಟಿಯಲ್ಲಿ 40 ಹೆಸರು, ಇನ್ನೊಂದು ದಿನ 50, ಎರಡರಲ್ಲೂ ಇರುವವು 20 ಎಂದುಕೊಳ್ಳೋಣ. 40ನ್ನು 50ರಿಂದ ಗುಣಿಸಿ 20ರಿಂದ ಭಾಗಿಸಿದರೆ ಒಟ್ಟು 100. ಜಾಣ ಲೆಕ್ಕವೇ. ಆದರೆ ಎಲ್ಲರೂ ಸಮಾನವಾಗಿ ಕಣ್ಣಿಗೆ ಬೀಳುತ್ತಾರೆಂಬುದು ಅದರ ಆಧಾರ. ದಿನಾ ಬರುವವರು ಎರಡೂ ಪಟ್ಟಿಯಲ್ಲಿ ಸಿಗುವುದರಿಂದ ಅಂದಾಜು ಕುಗ್ಗುತ್ತದೆ. ಒಬ್ಬರಿಗೇ ಹಲವು ಐಡಿಗಳಿದ್ದರೆ ಜನರ ಲೆಕ್ಕ ಉಬ್ಬುತ್ತದೆ. ಈ ಎರಡು ತಪ್ಪುಗಳು ಒಂದನ್ನೊಂದು ಸರಿದೂಗಿಸುತ್ತವೆ ಎನ್ನಲು ಯಾವ ಆಧಾರವೂ ಇಲ್ಲ.

‘ಹಾಗಾದರೆ ಒಬ್ಬರಿಗೆ ಒಂದೇ ಐಡಿ ಎಂದು ಕಟ್ಟುನಿಟ್ಟು ಮಾಡಿ’ ಎನ್ನುವವರಿದ್ದಾರೆ. ಮಿತಿಗಳಲ್ಲಿ ಎರಡು ಬಗೆ. ಸರ್ವರ್ ಏಕಕಾಲಕ್ಕೆ ಇಷ್ಟೇ ಸಂಪರ್ಕ ತಾಳುತ್ತದೆ ಎಂಬುದು ಯಂತ್ರದ ಮಿತಿ, ಅದರಲ್ಲಿ ಮೋಸವಿಲ್ಲ. ಒಬ್ಬರೇ ನಾಲ್ಕು ಪಾತ್ರ ತಂದು ಆಯುಧಗಳನ್ನೆಲ್ಲ ಬಾಚಿಕೊಳ್ಳಬಾರದೆಂಬ ನಿಯಮಕ್ಕೂ ನ್ಯಾಯವಿದೆ. ಬಂಗಲ್ ಪ್ರಕರಣದ ನಂತರ ಲ್ಯಾಂಬ್ಡಾಮೂನಲ್ಲಿ ಮತದಾನ ಬಂತು. ಮತವಿದ್ದಲ್ಲಿ ಈ ಪ್ರಶ್ನೆ ಇನ್ನೂ ಗಂಭೀರ. ಆದರೆ ಪತ್ತೆಹಚ್ಚುವುದು ಹೇಗೆ? ಐಪಿ ವಿಳಾಸ ನೋಡಿದರೆ ಒಂದೇ ವೈಫೈ ಬಳಸುವ ಅಕ್ಕ ತಂಗಿ ಒಬ್ಬರಾಗುತ್ತಾರೆ. ಮನೆಯ ಸಂಪರ್ಕದ ಜೊತೆ ಮೊಬೈಲ್ ಡೇಟಾ ಬಳಸುವ ಕಿಲಾಡಿ ಇಬ್ಬರಾಗುತ್ತಾನೆ. ಶಿಕ್ಷೆ ಬೀಳುವುದು ಅಮಾಯಕರಿಗೆ. ಗುರುತಿನ ಚೀಟಿ ಕೇಳಿದರೆ ಬೇರೆ ಹೆಸರಿನಲ್ಲಿ ಬದುಕಿ ನೋಡುವ ಅವಕಾಶವೇ ಹೋಗುತ್ತದೆ. ಈ ಆಟಗಳಿಗೆ ಜನ ಬಂದದ್ದೇ ಆ ಅವಕಾಶಕ್ಕಾಗಿ.

ಸಂಖ್ಯೆಯೇ ಬೇಡ ಎನ್ನುತ್ತಿಲ್ಲ. ಐಡಿ ಎಣಿಸಿದ್ದರೆ ಐಡಿ ಎಂದೇ ಬರೆಯೋಣ. ಯಾವ ಹೊತ್ತಿನಲ್ಲಿ, ಎಷ್ಟು ಸಲ ಎಣಿಸಿದೆವೆಂದು ಹೇಳೋಣ. ಫಾಲೋವರ್‌ಗಳ ಸಂಖ್ಯೆ ಹಿಡಿದು ಕವಿಯ ಓದುಗರನ್ನು ಅಳೆಯುವ ನಮಗೂ ಈ ಶಿಸ್ತು ಬೇಕು. ಓದಿದವರೆಷ್ಟು ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ.