ರಾಣೇಬೆನ್ನೂರಿನ ನಡುಹಗಲು ಎಷ್ಟು ತಾಸಿಗೆ?

ಕಳೆದ ಫೆಬ್ರುವರಿಯ ನಡುವಿನಲ್ಲಿ ರಾಣೇಬೆನ್ನೂರಿನಲ್ಲಿ ಒಂದು ಮದುವೆ. ವರ ಹಾವೇರಿಯವ, ಕನ್ಯೆ ಬ್ಯಾಡಗಿಯವಳು. ಲಗ್ನಪತ್ರಿಕೆಯಲ್ಲಿ ಅಚ್ಚಾದದ್ದು 'ಅಭಿಜಿನ್ ಮುಹೂರ್ತ, 12-00 ಗಂಟೆ'. ಪುರೋಹಿತರು ಒಂದು ಕಣ್ಣು ಮಂತ್ರದ ಮೇಲೆ, ಇನ್ನೊಂದು ಕಣ್ಣು ಮೊಬೈಲಿನ ಮೇಲೆ ಇಟ್ಟಿದ್ದರು. ಹುಡುಗಿಯ ಸೋದರಮಾವ ದಾರಿಯಲ್ಲಿ ಸಿಕ್ಕಿಕೊಂಡು ಬರುವುದು ಆರು ನಿಮಿಷ ತಡವಾಯಿತು. ಯಾರೂ ಕಾಯಲಿಲ್ಲ. ಆತ ಒಳಗೆ ಬಂದಾಗ ಅಕ್ಷತೆ ಬಿದ್ದು, ವಾಲಗ ನಿಂತು, ಜನ ಊಟದ ಕಡೆಗೆ ನಡೆದಿದ್ದರು. ಹುಡುಗಿಯ ತಾಯಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ.

ನನ್ನ ತಕರಾರು ಮುಹೂರ್ತದ ಮೇಲಲ್ಲ. ನಂಬುವವರು ನಂಬಲಿ. ಆದರೆ ನಂಬಿದ ಮೇಲೆ ಲೆಕ್ಕವಾದರೂ ನೆಟ್ಟಗಿರಬೇಡವೆ? ಹಗಲನ್ನು ಹದಿನೈದು ಪಾಲು ಮಾಡಿದರೆ ಎಂಟನೆಯದು ಅಭಿಜಿತ್ತು. ಅದರ ನಟ್ಟನಡುವೆ ಸೂರ್ಯ ಮಧ್ಯಾಹ್ನರೇಖೆಯನ್ನು, ಅಂದರೆ ಉತ್ತರದಿಂದ ನಮ್ಮ ನೆತ್ತಿಯ ಮೇಲೆ ಹಾಯ್ದು ದಕ್ಷಿಣಕ್ಕಿಳಿಯುವ ಗೆರೆಯನ್ನು, ದಾಟಬೇಕು. ಸೂರ್ಯನಾಗಲಿ ಚುಕ್ಕೆಯಾಗಲಿ ಆ ಗೆರೆಯಿಂದ ಎಷ್ಟು ಸರಿದಿದೆಯೆಂದು ಧ್ರುವದ ಸುತ್ತ ಅಳೆದರೆ ಸಿಕ್ಕುವುದೇ ಹೋರಾಕೋನ. ನಮ್ಮ ಸಿದ್ಧಾಂತಗ್ರಂಥಗಳು ಅದನ್ನು 'ನತ'ವೆಂದು ಕರೆದು ಘಳಿಗೆಗಳಲ್ಲಿ ಎಣಿಸಿದವು. ಆಕಾಶ ತಾಸಿಗೆ 15 ಅಂಶ ತಿರುಗುತ್ತದೆ; ಕೋನ ತಿಳಿದರೆ ವೇಳೆ ತಿಳಿಯಿತು. ಸೂರ್ಯನ ನತ ಸೊನ್ನೆಯಾದಾಗ ನಡುಹಗಲು, ಮೊಬೈಲು ಏನೇ ಹೇಳಲಿ.

ಮೊಬೈಲು ಹೇಳುವುದಾದರೂ ಎಲ್ಲಿಯ ವೇಳೆ? 1906ರಿಂದ ಭಾರತದ ವೇಳೆ ಎಂದರೆ 82½ ಅಂಶ ರೇಖಾಂಶದ ವೇಳೆ. ಆ ರೇಖೆ ಹಾಯುವುದು ದೂರದ ಮಿರ್ಜಾಪುರದ ಬಳಿ. ರಾಣೇಬೆನ್ನೂರು ಇರುವುದು 75.6ರಲ್ಲಿ, ಬ್ಯಾಡಗಿ 75.5ರಲ್ಲಿ, ಹಾವೇರಿ 75.4ರಲ್ಲಿ. ಅಂಶಕ್ಕೆ 4 ನಿಮಿಷದಂತೆ ನಾವು ಸುಮಾರು 28 ನಿಮಿಷ ಹಿಂದೆ. (ಹಾವೇರಿ ರಾಣೇಬೆನ್ನೂರಿಗಿಂತಲೂ ಒಂದು ನಿಮಿಷ ಹಿಂದೆ, ಬೀಗರು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು.) ಸಾಲದ್ದಕ್ಕೆ ಭೂಮಿಯ ಓಟ ಸಮವಲ್ಲ, ಅದರ ಅಕ್ಷ ಓರೆ. ಹೀಗಾಗಿ ಸೂರ್ಯ ಫೆಬ್ರುವರಿ ನಡುವಿನಲ್ಲಿ 14 ನಿಮಿಷ ತಡಮಾಡುತ್ತಾನೆ, ನವೆಂಬರ್ ಮೊದಲಲ್ಲಿ 16 ನಿಮಿಷ ಮುಂಚೆ ಬರುತ್ತಾನೆ. ಆ ಮದುವೆಯ ದಿನ ರಾಣೇಬೆನ್ನೂರಿನಲ್ಲಿ ನಡುಹಗಲಾದದ್ದು 12-42ಕ್ಕೆ. ಅಕ್ಷತೆ ಬೀಳುವಾಗ ಸೂರ್ಯ ಇನ್ನೂ 10 ಅಂಶ ಮೂಡಣಕ್ಕಿದ್ದ. ಅಭಿಜಿತ್ತು ಹುಟ್ಟಿದ್ದೇ 12-18ರ ಸುಮಾರಿಗೆ. ಹದಿನೆಂಟು ನಿಮಿಷ ತಡೆದಿದ್ದರೆ ಶಾಸ್ತ್ರವೂ ಉಳಿಯುತ್ತಿತ್ತು, ಸೋದರಮಾವನ ಮಾನವೂ ಉಳಿಯುತ್ತಿತ್ತು.

ಇದನ್ನು ಪಂಕ್ತಿಯಲ್ಲಿ ಹೇಳಿದೆ. ಪಕ್ಕದ ಹಿರಿಯರು, "ಅಲ್ಲರೀ, ಊಟ ತಣ್ಣಗಾಗ್ತದ, ಸೂರ್ಯನ ಉಸಾಬರಿ ನಿಮಗ್ಯಾಕ?" ಎಂದರು. ಎದುರಿಗೆ ಕುಳಿತ ವಿಚಾರವಾದಿ ಮಿತ್ರರು ಮುಹೂರ್ತವೇ ಮೂಢನಂಬಿಕೆ ಎಂದು ನಕ್ಕರು. ಸರಿ, ನಡುಹಗಲು ಎಷ್ಟಕ್ಕೆ ಎಂದು ಅವರನ್ನು ಕೇಳಿದೆ. "ಹನ್ನೆರಡಕ್ಕೆ, ಮತ್ತಿನ್ನೆಷ್ಟಕ್ಕೆ?" ಎಂದರು! ಪುರೋಹಿತರಿಗೂ ಇವರಿಗೂ ಗುರು ಒಬ್ಬನೇ, ಕೈಗಡಿಯಾರ. ರಾಹುಕಾಲದ ಕತೆಯೂ ಇದೇ. ಸೂರ್ಯೋದಯ 6ಕ್ಕೆಂದು ಹಿಡಿದ ಕೋಷ್ಟಕ ನಮ್ಮ ಗೋಡೆಗಳ ಮೇಲೆ ತೂಗುತ್ತದೆ. ಹಗಲಿರುಳು ಸಮನಾದ ಮಾರ್ಚ್ 21ರಂದೂ ಹಾವೇರಿಯಲ್ಲಿ ಸೂರ್ಯ ಮೂಡುವುದು ಆರೂವರೆಯ ಮೇಲೆ.

ಹಾಗಾದರೆ ಊರಿಗೊಂದು ವೇಳೆ ಬೇಕೆ ಎಂದು ಕೇಳುವವರಿದ್ದಾರೆ. ಬೇಡವೇ ಬೇಡ. ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹೋಗುವ ಗಾಡಿ ಈ ಮೂರೂ ನಿಲ್ದಾಣಗಳಲ್ಲಿ ಮೂರು ವೇಳೆ ನೋಡಿಕೊಂಡು ಓಡಲಾರದು. ಮುಂಬಯಿ ಪಟ್ಟಣ 1955ರ ವರೆಗೆ ತನ್ನದೇ ವೇಳೆಯನ್ನು ಹಿಡಿದು 39 ನಿಮಿಷ ಹಿಂದೆ ನಡೆದ ಹಟ ನನಗೆ ಬೇಕಿಲ್ಲ. ಗಾಡಿಗೂ ಕಚೇರಿಗೂ ಒಂದೇ ವೇಳೆ ಇರಲಿ. ಅದು ನಾವು ಅನುಕೂಲಕ್ಕೆ ಮಾಡಿಕೊಂಡ ಕರಾರು ಎಂಬುದನ್ನು ಮರೆತು, ಅದನ್ನೇ ಆಕಾಶಕ್ಕೂ ಹೊರಿಸುವುದು ನನಗೆ ಸಹಿಸದು.

ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ನಮ್ಮ ಹಳೆಯ ಗಣಿತಜ್ಞರು ಸೊನ್ನೆಯ ರೇಖೆಯನ್ನು ಲಂಕೆಯಿಂದ ಉಜ್ಜಯಿನಿಯ ಮೇಲೆ ಕುರುಕ್ಷೇತ್ರದತ್ತ ಎಳೆದರು. ಉಜ್ಜಯಿನಿ 75.8 ಅಂಶದಲ್ಲಿದೆ, ಹರಿಹರವೂ ಅಷ್ಟರಲ್ಲೇ. ರಾಣೇಬೆನ್ನೂರು ಆ ರೇಖೆಗೆ ಹದಿನೈದು ಹದಿನಾರು ಕಿಲೋಮೀಟರು ಪಡುವಣಕ್ಕೆ. ವೇಳೆಯಲ್ಲಿ ಅರ್ಧ ನಿಮಿಷದ ಅಂತರ! ಬೇರೆ ಊರಿನ ಜೋಯಿಸರು ದೇಶಾಂತರ ಸಂಸ್ಕಾರವೆಂದು ಬೆವರು ಸುರಿಸಬೇಕಾದಲ್ಲಿ ನಮ್ಮವರು ಕಾಲು ಚಾಚಿ ಕೂಡಬಹುದಿತ್ತು. ಅಂಥ ಊರಿನವರು ಮಿರ್ಜಾಪುರದ ಹನ್ನೆರಡಕ್ಕೆ ಅಕ್ಷತೆ ಹಾಕುತ್ತೇವೆ.

ಬ್ಯಾಡಗಿಯ ಒಂದು ಶಾಲೆಗೆ ಹೋಗಿ, ಅಂಗಳದಲ್ಲಿ ಮೂರಡಿಯ ಕೋಲು ನೆಡಿಸಿರೆಂದು ಬೇಡಿಕೊಂಡೆ. ಕೋಲಿನ ಸುತ್ತ ಒಂದು ವೃತ್ತ. ಮುಂಜಾನೆ ನೆರಳಿನ ತುದಿ ವೃತ್ತವನ್ನು ಮುಟ್ಟಿದಲ್ಲಿ ಒಂದು ಗುರುತು, ಮಧ್ಯಾಹ್ನದ ಮೇಲೆ ಮುಟ್ಟಿದಲ್ಲಿ ಇನ್ನೊಂದು. ಎರಡರ ನಡುವಿನಿಂದ ಕೋಲಿಗೆ ಎಳೆದ ಗೆರೆಯೇ ಉತ್ತರ ದಕ್ಷಿಣ. ನೆರಳು ಅದರ ಮೇಲೆ ಕೂತ ಗಳಿಗೆಯೇ ನಡುಹಗಲು. ಸೂರ್ಯಸಿದ್ಧಾಂತ ಹೇಳಿದ ಶಂಕು ಇದೇ, ಖರ್ಚು ಒಂದು ಕೋಲು. ಏಪ್ರಿಲ್ ಕೊನೆಗೆ, ಆಗಸ್ಟ್ ನಡುವಿಗೆ ಸೂರ್ಯ ನಿಜವಾಗಿ ನೆತ್ತಿಗೇರಿ ಆ ನೆರಳೇ ಇಲ್ಲದಾಗುವುದನ್ನೂ ಮಕ್ಕಳು ಕಾಣುತ್ತಿದ್ದರು. ಮುಖ್ಯೋಪಾಧ್ಯಾಯರು ಸಜ್ಜನರು. ಮೇಲಿನಿಂದ ಆದೇಶ ಬರಲಿ ಎಂದರು.

ಕೋಲನ್ನು ನಮ್ಮ ಹಿತ್ತಲಲ್ಲಿ ನೆಟ್ಟೆ. ಮೂರನೆಯ ದಿನ ಪಕ್ಕದ ಮನೆಯ ನಾಲ್ಕನೆಯ ಇಯತ್ತೆಯ ಹುಡುಗಿ ಬೇಲಿಯಾಚೆಯಿಂದ ಕೂಗಿದಳು: "ಅಜ್ಜಾ, ಹನ್ನೆರಡು ಹೊಡೀತು, ನೆರಳು ಇನ್ನೂ ಗೆರೀಗೆ ಬಂದಿಲ್ಲ. ನಮ್ಮ ಸಾಲಿ ಗಡಿಯಾರ ಸುಳ್ಳೇನು?"