ನ್ಯಾಯಪೀಠಕ್ಕೆ ಹೋಗುವ ದಾರಿ

ನ್ಯಾಯಾಧೀಶರನ್ನು ಪ್ರಜೆಗಳೇ ಚುನಾಯಿಸುವ ನಾಡುಂಟೆಂದರೆ ನಮ್ಮಲ್ಲಿ ಅನೇಕರು ಹುಬ್ಬೇರಿಸುವರು. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ ಈ ಪದ್ಧತಿ 1846ರ ಸಂವಿಧಾನದಷ್ಟು ಹಳೆಯದು. ಅಲ್ಲಿ ‘ಸುಪ್ರೀಂ ಕೋರ್ಟ್’ ಎಂದರೆ ಅತ್ಯುನ್ನತ ನ್ಯಾಯಾಲಯವಲ್ಲ, ದಾವೆಗಳ ಮೊದಲ ವಿಚಾರಣೆ ನಡೆಯುವ ನ್ಯಾಯಾಲಯ, ಹೆಸರಿಟ್ಟವರು ವಿನೋದಪ್ರಿಯರಾಗಿದ್ದಿರಬೇಕು. ಅದರ ನ್ಯಾಯಾಧೀಶರನ್ನು 14 ವರ್ಷಗಳ ಅವಧಿಗೆ ಜನರು ಆರಿಸುತ್ತಾರೆ.

ಆರಿಸುತ್ತಾರೆಂಬುದು ನಿಜವೆ? ಮತಪತ್ರದಲ್ಲಿ ಯಾರ ಹೆಸರಿರಬೇಕೆಂಬುದನ್ನು ಗೊತ್ತುಮಾಡುವುದು ಪಕ್ಷದ ಪ್ರತಿನಿಧಿಗಳ ಸಮ್ಮೇಳನ. 1911ರಲ್ಲಿ ಪಕ್ಷದ ಮತದಾರರೇ ನೇರವಾಗಿ ಉಮೇದುವಾರರನ್ನು ಸೂಚಿಸುವ ಕ್ರಮವನ್ನು ತಂದರು. 1921ರಲ್ಲಿ ಅದನ್ನು ಕೈಬಿಟ್ಟು ಸಮ್ಮೇಳನಕ್ಕೇ ಹಿಂದಿರುಗಿದರು. ಪ್ರತಿನಿಧಿಗಳನ್ನು ಪಕ್ಷದ ಮತದಾರರು ಚುನಾಯಿಸುವುದುಂಟು. ಆದರೆ ಯಾವ ಪ್ರತಿನಿಧಿ ಯಾವ ಉಮೇದುವಾರನ ಪರವೆಂಬುದು ಮತಪತ್ರದಲ್ಲಿ ಕಾಣದು. ಪಕ್ಷದ ಮುಖಂಡರ ನೆರವಿಲ್ಲದವನು ತನ್ನ ಪರ ಪ್ರತಿನಿಧಿಗಳನ್ನು ನಿಲ್ಲಿಸಬೇಕಾದರೆ ಒಂದೊಂದು ವಿಧಾನಸಭಾ ಕ್ಷೇತ್ರದಲ್ಲೂ 37 ದಿನಗಳೊಳಗೆ 500 ರುಜುಗಳನ್ನು ಸಂಗ್ರಹಿಸಬೇಕಾಗಿತ್ತು. ಕೆಲವು ನ್ಯಾಯವಿಭಾಗಗಳಲ್ಲಿ ಅಂಥ ಕ್ಷೇತ್ರಗಳು ಇಪ್ಪತ್ತಕ್ಕೂ ಹೆಚ್ಚು. ವಕೀಲಿ ಮಾಡಿಕೊಂಡಿರುವ ಮನುಷ್ಯನಿಂದ ಇದು ಆಗುವ ಕೆಲಸವೆ?

ಮಾರ್ಗರಿಟಾ ಲೋಪೆಜ್ ಟೋರೆಸ್ ಎಂಬಾಕೆಯ ಕಥೆ ಇಲ್ಲಿ ಸ್ಮರಣೀಯವಾದುದು. 1992ರಲ್ಲಿ ಬ್ರೂಕ್ಲಿನ್ನಿನ ಸಿವಿಲ್ ಕೋರ್ಟಿಗೆ ಆಕೆ ಚುನಾಯಿತರಾದರು. ಪಕ್ಷದವರು ಸೂಚಿಸಿದವರಿಗೆ ಕಚೇರಿಯಲ್ಲಿ ಕೆಲಸ ಕೊಡಲೊಪ್ಪಲಿಲ್ಲ. ಅದರಿಂದಲೇ ಮುಖಂಡರು ವಿರೋಧಿಗಳಾದರೆಂದು ಆಕೆಯ ವಾದ. 1997, 2002 ಮತ್ತು 2003ರಲ್ಲಿ ಸುಪ್ರೀಂ ಕೋರ್ಟಿನ ಉಮೇದುವಾರಿಕೆ ಕೇಳಿದರೂ ಸಮ್ಮೇಳನ ಕೊಡಲಿಲ್ಲ. ಆದರೆ 2005ರಲ್ಲಿ, ಮೃತರ ಆಸ್ತಿ ವಿಚಾರಿಸುವ ಸರೊಗೇಟ್ ಕೋರ್ಟಿಗೆ ನೇರ ಸ್ಪರ್ಧೆ ಇದ್ದಾಗ, ಅದೇ ಬ್ರೂಕ್ಲಿನ್ನಿನ ಮತದಾರರು ಆಕೆಯನ್ನು ಗೆಲ್ಲಿಸಿದರು. ಅದೇ ವರ್ಷ ಅಲ್ಲಿನ ಡೆಮೊಕ್ರಾಟಿಕ್ ಪಕ್ಷದ ಮುಖಂಡ ಕ್ಲಾರೆನ್ಸ್ ನಾರ್ಮನ್ ಬೇರೊಂದು ಮೊಕದ್ದಮೆಯಲ್ಲಿ ಅಪರಾಧಿಯೆಂದು ತೀರ್ಮಾನವಾಯಿತು.

ಸಮ್ಮೇಳನ ಪದ್ಧತಿಯ ವಿರುದ್ಧ ಆಕೆ 2004ರಲ್ಲಿ ಹೂಡಿದ್ದ ದಾವೆಗೆ 2006ರಲ್ಲಿ ಕೆಳಗಿನ ಎರಡು ನ್ಯಾಯಾಲಯಗಳಲ್ಲೂ ಜಯವಾಯಿತು. 2008ರ ಜನವರಿಯಲ್ಲಿ ದೇಶದ ಸುಪ್ರೀಂ ಕೋರ್ಟು ಒಮ್ಮತದಿಂದ ಅದನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ಸ್ಕಾಲಿಯಾ ಬರೆದ ತೀರ್ಪಿನ ತಾತ್ಪರ್ಯವಿಷ್ಟೆ: ಪಕ್ಷದೊಳಗೆ ಗೆಲ್ಲುವ ಸಮಾನ ಅವಕಾಶವನ್ನು ಸಂವಿಧಾನ ಯಾರಿಗೂ ವಾಗ್ದಾನ ಮಾಡಿಲ್ಲ, ಬದಲಾವಣೆ ಬೇಕಾದರೆ ಶಾಸನಸಭೆಯನ್ನು ಕೇಳಿರಿ. ಶಾಸನಸಭೆಯ ಸದಸ್ಯರು ಆರಿಸಿಬರುವುದೂ ಅದೇ ಪಕ್ಷಗಳ ಬಲದಿಂದಲ್ಲವೆ!

ಹಾಗೆಂದು 1911ರ ನೇರ ಸ್ಪರ್ಧೆಗೇ ಮರಳಬೇಕೆಂದು ನಾನು ಹೇಳಲಾರೆ. ನ್ಯಾಯಾಧೀಶನಾಗಬೇಕಾದವನು ಪ್ರಚಾರಕ್ಕೆ ಹಣ ಕೂಡಿಸಬೇಕು. ಕೊಡುವವರಾರು? ನಾಳೆ ಅವನ ಮುಂದೆಯೇ ವಾದಿಸುವ ವಕೀಲರು. ಮಿಸ್ಸೂರಿ ಸಂಸ್ಥಾನ 1940ರಲ್ಲಿ ಬೇರೊಂದು ದಾರಿ ಹಿಡಿಯಿತು: ಆಯೋಗವೊಂದು ಮೂರು ಹೆಸರು ಕೊಡುವುದು, ರಾಜ್ಯಪಾಲರು ಒಬ್ಬರನ್ನು ನೇಮಿಸುವುದು, ಅನಂತರ ಆತ ಮುಂದುವರಿಯಬೇಕೆ ಬೇಡವೆ ಎಂದು ಜನರು ಮತ ಹಾಕುವುದು. ನ್ಯೂಯಾರ್ಕೂ ತನ್ನ ಅತ್ಯುನ್ನತ ನ್ಯಾಯಾಲಯಕ್ಕೆ 1977ರ ತಿದ್ದುಪಡಿಯಿಂದ ಆಯೋಗದ ಕ್ರಮವನ್ನೇ ಇಟ್ಟುಕೊಂಡಿದೆ. ಮೇಲಿನ ಪೀಠಕ್ಕೆ ಬೇಕೆನಿಸಿದ ಎಚ್ಚರ ಸಾಮಾನ್ಯ ಕಕ್ಷಿದಾರ ಬಂದು ನಿಲ್ಲುವ ಪೀಠಕ್ಕೆ ಏಕೆ ಬೇಡವಾಯಿತೋ ತಿಳಿಯದು.

ತೆರೆಮರೆಯ ಆಯ್ಕೆಯ ಮಾತು ಬಂದಾಗ ನಾವೂ ಮೌನವಾಗಿರಬೇಕಾಗುತ್ತದೆ. ನ್ಯಾಯಮೂರ್ತಿಗಳೇ ನ್ಯಾಯಮೂರ್ತಿಗಳನ್ನು ಆರಿಸುವ ನಮ್ಮ ಕೊಲಿಜಿಯಂ ಪದ್ಧತಿಯ ಬದಲು ತಂದ ಆಯೋಗವನ್ನು 2015ರಲ್ಲಿ ನಮ್ಮ ಸುಪ್ರೀಂ ಕೋರ್ಟು ರದ್ದುಪಡಿಸಿತು. ಅದೇ ಪೀಠ, ಕೊಲಿಜಿಯಂ ಸುಧಾರಿಸಬೇಕೆಂದೂ ಒಪ್ಪಿ ಸಲಹೆಗಳನ್ನು ಕೇಳಿತು.

ನ್ಯೂಯಾರ್ಕಿನವರು ಸಮ್ಮೇಳನವನ್ನು ಬಿಡದಿದ್ದರೂ, ಪ್ರತಿನಿಧಿಯ ಹೆಸರಿನ ಕೆಳಗೆ ಅವನು ಬೆಂಬಲಿಸುವ ಉಮೇದುವಾರನ ಹೆಸರನ್ನು ಅಚ್ಚುಹಾಕಿಸಲಿ. ರುಜುಗಳ ಸಂಖ್ಯೆಯನ್ನು ಇಳಿಸಲಿ. ಇದಕ್ಕೆ ಸಂವಿಧಾನದ ತಿದ್ದುಪಡಿ ಬೇಕಿಲ್ಲ, ಸಾಮಾನ್ಯ ಶಾಸನವೊಂದು ಸಾಕು.